ಕಡಿದ ಹತ್ತು ಅಂಕ

ಹೈಸ್ಕೂಲಿನ ಮೊದಲನೇ ವರ್ಷದ ಹೆಣ್ಣುಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ವರ್ಷದ ಕೊನೆಯ ಪರೀಕ್ಷೆಗೆ ಮುಂಚೆ ಅಭ್ಯಾಸಕ್ಕೆಂದು ಒಂದು ಟೆಸ್ಟ್ ನಡೆಯುತ್ತಿತ್ತು. ಮೈಸೂರಿನ ಹೈಸ್ಕೂಲುಗಳಿಗೆಲ್ಲ ಒಂದೇ ಅಚ್ಚಾದ ಪ್ರಶ್ನೆಪತ್ರಿಕೆ. ಅದರ ಮೇಲೆ ನಮ್ಮ ಹೆಡ್‌ಮಿಸ್ಟ್ರೆಸ್ ಅವರದೊಂದು ಕಟ್ಟಳೆ: ಯಾರಿಗೆ ಎಷ್ಟೇ ಬಂದಿರಲಿ, ಹತ್ತು ಅಂಕ ಕಡಿದು ಬರೆಯಬೇಕು. ಹುಡುಗಿಯರು ಮೈಮರೆಯಬಾರದು, ಹೆದರಿಕೊಂಡು ಓದಬೇಕು ಅಂತ. ಈ ವಿಷಯ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಆದರೂ ಅಕ್ಕಂದಿರು ಓದಿ ಹೋಗಿದ್ದ ಲಕ್ಷ್ಮೀಪುರಂ ಮನೆಗಳಿಗೆಲ್ಲ ಅದು ಗೊತ್ತಿತ್ತು. ಮೂವತ್ತು ಅಂದರೆ ನಲವತ್ತು ಅಂತ ತಿಳಿದುಕೊಂಡು, ಕಾಫಿ ಕುಡಿದು ಸುಮ್ಮನಿರುತ್ತಿದ್ದರು.

ಗೊತ್ತಿಲ್ಲದಿದ್ದವನು ನಜರ್‌ಬಾದಿನ ಜಟಕಾ ಗಾಡಿಯವನೊಬ್ಬ. ಅವರ ವಂಶದಲ್ಲೇ ಮೊದಲು ಹೈಸ್ಕೂಲು ಮೆಟ್ಟಿಲು ಹತ್ತಿದವಳು ಅವನ ಮಗಳು. ಟೆಸ್ಟಲ್ಲಿ ಪಾಸಾದರೆ ಓದು, ಇಲ್ಲದಿದ್ದರೆ ಮದುವೆ ಅಂತ ಮನೆಯಲ್ಲಿ ತೀರ್ಮಾನವಾಗಿದೆಯೆಂದು ಹುಡುಗಿಯೇ ನನಗೆ ಹೇಳಿದ್ದಳು. ಲೆಕ್ಕದಲ್ಲಿ ಅವಳಿಗೆ ನಲವತ್ತಮೂರು ಬಂತು. ಪಾಸಾಗಲು ಮೂವತ್ತೈದು ಸಾಕು. ನಾನು ಮೂವತ್ತಮೂರು ಅಂತ ಬರೆದು ಕೆಳಗೆ ಕೆಂಪು ಗೆರೆ ಎಳೆದೆ. ಅರವತ್ತು ಉತ್ತರಪತ್ರಿಕೆ ತಿದ್ದಿದ ಮೇಲೆ ನಿಂತು ಯೋಚಿಸುವಷ್ಟು ತ್ರಾಣವೂ ಇರುವುದಿಲ್ಲ.

ಮಾರನೆಯ ದಿನ ಅವನು ಚಾವಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದ. ಓದು ಬಾರದಿದ್ದರೂ ಕೆಂಪು ಗೆರೆ ಅರ್ಥವಾಗಿತ್ತು.

"ಎಂಗಮ್ಮಾವ್ರೆ, ಫೇಲಾ?"

"ಇದು ಬರೀ ಟೆಸ್ಟಪ್ಪ, ಇನ್ನೂ ಚೆನ್ನಾಗಿ ಓದಬೇಕು" ಅಂದೆ. ಆ ಮಾತನ್ನು ಅಂದು ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ಒಣಗಿತ್ತು. ಅವನು ಕೈಮುಗಿದು ಹೊರಟುಹೋದ.

ಹುಡುಗಿ ಮತ್ತೆ ಬರಲಿಲ್ಲ. ಇವತ್ತು ಬಂದಾಳು, ನಾಳೆ ಬಂದಾಳು ಅಂತ ಎರಡು ವಾರ ನನ್ನ ಸೋಮಾರಿತನಕ್ಕೆ ನಾನೇ ಸಬೂಬು ಹೇಳಿಕೊಂಡೆ. ಆಮೇಲೆ ಅವರ ಮನೆಗೆ ಹೋಗಿ, ಹೆಡ್‌ಮಿಸ್ಟ್ರೆಸ್ ಏನಾದರೂ ಮಾಡಿಕೊಳ್ಳಲಿ ಅಂತ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳಪ್ಪ ಜಗಲಿಯ ಮೇಲೆ ಕುಕ್ಕರಿಸಿದ. "ಮೊನ್ನೆ ತಾನೇ ತಾಂಬೂಲ ಬದಲಾಯಿಸ್ಬುಟ್ವಲ್ಲ ಕಣಮ್ಮ. ಕೊಟ್ಟ ಮಾತು ಎಂಗೆ ವಾಪಸ್ ತಕ್ಕೊಳ್ಳಾದು? ಅವತ್ತೇ ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

ಅವನ ದನಿಯಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು.

ರಾಗಿ ಕೇರುತ್ತಿದ್ದ ಹುಡುಗಿ ಮೊರ ಕೆಳಗಿಟ್ಟು ಎದ್ದು ಬಂದಳು.

"ನಂಗೆ ನಲವತ್ಮೂರಾ ಬಂದಿತ್ತು ಮಿಸ್? ನಾನು ದಡ್ಡಿ ಅನ್ಕೊಂಬುಟ್ಟಿದ್ದೆ."

ಅವಳ ಮುಖ ಅರಳಿದ್ದು ನೋಡಿ ನನಗೆ ನಾಚಿಕೆಯಾಯಿತು. ಒಳಗಿದ್ದ ಅವ್ವನನ್ನು ಕೂಗಿ ಅವಳಿಗೂ ಹೇಳಿದಳು. ನಾನು ಹೊರಡುವಾಗ ಬಾಗಿಲವರೆಗೂ ಬಂದು, "ಅದನ್ನ ಒಂದ್ ಚೀಟೀಲಿ ಬರ್ಕೊಡ್ತೀರಾ ಮಿಸ್?" ಅಂದಳು.

ನಲವತ್ತಮೂರು ಅಂತ ಬರೆದು, ಕೆಳಗೆ ರುಜು ಹಾಕಿ ಕೊಟ್ಟೆ.