ಹಲಸಿನಹಣ್ಣಿಗೆ ಬ್ರೇಕ್ ಉಂಟಾ?

ಬಾಯಮ್ಮನ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಒಂದಿಷ್ಟು ಮೈದಾ ಅಂಟಿಕೊಂಡಿರುತ್ತಿತ್ತು. ಆ ಬೆರಳಿನಿಂದಲೇ ಅವರು ನಮ್ಮ ಸೀಟ್ ಬೆಲ್ಟಿನ ಕೊಕ್ಕೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದರು. ಹಾಗಾಗಿ ಅವರ ವ್ಯಾನಿನಿಂದ ಇಳಿದವರ ಸೊಂಟದ ಬಳಿ ಒಂದು ಬಿಳಿ ಬೊಟ್ಟು ಇದ್ದೇ ಇರುತ್ತಿತ್ತು. ಮದುವೆ ಮಂಟಪದ ನೂಕುನುಗ್ಗಲಿನಲ್ಲಿಯೂ ಅದನ್ನು ನೋಡಿ, ಇವರು ನಮ್ಮ ಪರ್ಕಳದಿಂದ ಯಾರ ಗಾಡಿಯಲ್ಲಿ ಬಂದವರು ಎಂದು ನಾನು ಹೇಳಿಬಿಡುತ್ತಿದ್ದೆ.

ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದೇ ಕರೆಯುವುದು. ಇವರು ನಮ್ಮ ಪಕ್ಕದ ಮನೆಯವರು. ಗಲ್ಫಿನಲ್ಲಿ ಶಾಲಾ ಬಸ್ಸಿನ ಆಯಾ ಆಗಿದ್ದು, ಊರಿಗೆ ಮರಳಿದ ಮೇಲೆ ಕೇಕ್ ಮಾಡಿ ಸ್ವಂತ ವ್ಯಾನಿನಲ್ಲಿ ಕಾಪು, ಕಾರ್ಕಳ ಎಂದು ತಲುಪಿಸುತ್ತಿದ್ದರು. ನಮ್ಮ ಜೊತೆ ತುಳು, ಮನೆಯೊಳಗೆ ಕೊಂಕಣಿ. ಸಿಟ್ಟು ಬಂದರೆ ಮಾತ್ರ ಕನ್ನಡ. ನಮಗೂ ಒಂದು ಕಾರಿತ್ತು. ಆದರೆ ಚಾಲಕ ನಾನಾದ್ದರಿಂದ ಅದು ಸದಾ ಹೊದ್ದು ಮಲಗಿರುತ್ತಿತ್ತು. ಗ್ಯಾಸ್ ಆರಿಸಿದೆನೇ ಎಂದು ಗೇಟಿನಿಂದ ಎರಡು ಸಲ ಮರಳುವ ಮನುಷ್ಯ ಹೆದ್ದಾರಿಗೆ ಹೋಗುವುದಾದರೂ ಹೇಗೆ? ಅದಕ್ಕೇ ನಾವು ಕೇಕಿನ ಜೊತೆ ಪ್ರಯಾಣಿಸುತ್ತಿದ್ದೆವು.

ಒಮ್ಮೆ ಉಚ್ಚಿಲದ ನೆಂಟರು ಕೊಟ್ಟ ದೊಡ್ಡ ಹಲಸಿನಹಣ್ಣೊಂದನ್ನು ನಾನು ಹಿಂದಿನ ಸೀಟಿನ ಬೆನ್ನ ಮೇಲ್ಗಡೆ, ಸಾಮಾನುಗಳ ರಾಶಿಯ ತುದಿಯಲ್ಲಿ ಕೂರಿಸಿದ್ದೆ. ಬಾಯಮ್ಮನ ಕನ್ನಡ ಹೊರಬಿತ್ತು.

"ನಾನು ಬ್ರೇಕ್ ಹಾಕಿದರೆ ಗಾಡಿ ನಿಲ್ಲುತ್ತದೆ. ಹಲಸಿನಹಣ್ಣಿಗೆ ಬ್ರೇಕ್ ಉಂಟಾ ಮಾರಾಯರೇ?"

ಹಣ್ಣನ್ನು ಇಳಿಸಿ, ಸೀಟಿನಲ್ಲಿ ಕೂರಿಸಿ, ಅದರ ಮುಳ್ಳುಹೊಟ್ಟೆಗೆ ಬೆಲ್ಟು ಬಿಗಿದು, ಹೆಬ್ಬೆರಳಿನಿಂದ ಒತ್ತಿ ನೋಡಿದರು. ಕಾಪುವಿನ ಹತ್ತಿರ ಸ್ಕೂಟರೊಂದು ಅಡ್ಡ ಬಂದು ಬ್ರೇಕ್ ಬಿದ್ದಾಗ ಹಣ್ಣು ಕದಲಲಿಲ್ಲ. ಹಣೆಯ ಮೇಲೆ ಏರಿಸಿಕೊಂಡಿದ್ದ ನನ್ನ ಕನ್ನಡಕ ಮಾತ್ರ ಅವರ ಕಾಲ ಬುಡಕ್ಕೆ ಹೋಯಿತು. "ನಿಮಗಿಂತ ಹಲಸು ಮರ್ಯಾದೆಯದ್ದು," ಎಂದರು.

ಇನ್ನು ಆ ದಿನದ ಸಂಗತಿ. ನನ್ನ ತಂಗಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ನಾವೆಲ್ಲ ಆಸೆಯ ಮಾತನ್ನೇ ಬಿಟ್ಟ ಮೇಲೆ ಹುಟ್ಟಿದ ಹೆಣ್ಣು ಮಗು. ಬಾಣಂತನ ಮುಗಿಸಿ ಅದನ್ನು ಮೊದಲ ಬಾರಿಗೆ ಕಾರ್ಕಳದ ಗಂಡನ ಮನೆಗೆ ಕಳಿಸಬೇಕಿತ್ತು. ಹಿಂದಿನ ವಾರದಿಂದಲೇ ನನಗೆ ನಿದ್ದೆ ಇಲ್ಲ. ಬಾಯಮ್ಮನಿಗೂ ಅಂದೇ ನಿಟ್ಟೆಯ ಮದುವೆಗೆ ಮೂರಂತಸ್ತಿನ ಕೇಕ್ ಮುಟ್ಟಿಸುವುದಿತ್ತು.

ನನ್ನ ಅಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ವ್ಯಾನು ಹತ್ತಿ ಕುಳಿತರು. ಬಾಯಮ್ಮ, ತಮ್ಮ ಮಗಳು ಗಲ್ಫಿನಿಂದ ತಂದಿದ್ದ, ಮೊಮ್ಮಗ ಬೆಳೆದು ಈಗ ಚಿಕ್ಕದಾಗಿದ್ದ ಕೂಸಿನ ಸೀಟನ್ನು ತಂದರು.

"ಮಗು ಇದರಲ್ಲಿ."

"ಎಂತ ಬಾಯಮ್ಮ, ನಾಲ್ಕು ಮಕ್ಕಳನ್ನು ಮಡಿಲಲ್ಲೇ ಸಾಕಿದವಳು ನಾನು. ನನ್ನ ಕೈಯಿಂದ ಬೀಳ್ತದಾ?"

"ನಿಮ್ಮ ಕೈಯ ಮೇಲೆ ಸಂಶಯ ಇಲ್ಲ ಅಮ್ಮ. ಗಾಡಿ ಗಕ್ಕನೆ ನಿಂತರೆ ಯಾರ ಕೈಯೂ ಕೈಯಲ್ಲ."

"ಹೊರಡುವ ಹೊತ್ತಿಗೆ ಅಪಶಕುನ ಆಡಬೇಡ."

ಬಾಯಮ್ಮ ಕೀಲಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಒಳ್ಳೆಯ ಗಳಿಗೆ ಜಾರುತ್ತಿತ್ತು, ಬಿಸಿಲಿಗೆ ಕೇಕಿನ ಕೆನೆ ಕರಗುವ ಹಾಗಿತ್ತು. ತಂಗಿಯ ಕಣ್ಣಲ್ಲಿ ನೀರು. ನಾನು ಎರಡೂ ಕಡೆಯವರಿಗೆ ತಲೆಯಾಡಿಸುತ್ತ ನಿಂತಿದ್ದೆ.

ಕೊನೆಗೆ ಎದ್ದವರು ಬಾಯಮ್ಮನೇ. ಸೀಟನ್ನು ಹಿಂದಿನ ಸಾಲಿನ ನಡುವೆ ಬಿಗಿದು ಹೇಳಿದರು: "ಅಮ್ಮ, ನೀವು ಪಕ್ಕದಲ್ಲೇ ಕುಳಿತು ಮಗುವಿನ ಕಾಲು ಹಿಡಿದುಕೊಳ್ಳಿ. ಹಿಡಿಯುವ ಕೆಲಸ ನಿಮ್ಮದು. ಬಿಡದೆ ಇರುವ ಕೆಲಸ ಬೆಲ್ಟಿನದ್ದು."

ಅಮ್ಮ ಸ್ವಲ್ಪ ಹೊತ್ತು ಮುಖ ತಿರುಗಿಸಿದ್ದರು. ಆಮೇಲೆ ಮಗುವನ್ನು ತಾವೇ ಮಲಗಿಸಿ, ಅಂಗೈಯಲ್ಲಿ ಆ ಪುಟ್ಟ ಪಾದವನ್ನು ಮುಚ್ಚಿಕೊಂಡರು. ಇನ್ನೊಂದು ಬದಿಗೆ ತಂಗಿ. ಮುಂದಿನ ಸೀಟಿನ ಕಾಲಿಡುವ ಜಾಗದಲ್ಲಿ ಕೇಕ್ ಇತ್ತು. ಗಾಡಿಯಲ್ಲಿ ಅದೇ ಸಮತಟ್ಟಾದ ಜಾಗವಂತೆ.

"ನಾನು?" ಎಂದೆ.

"ನಿಮಗೆ ಬಸ್ಸು ಉಂಟಲ್ಲ. ಕೇಕಿಗೆ ಬಸ್ಸು ಹತ್ತಲಿಕ್ಕೆ ಆಗ್ತದಾ?"

ಸೋದರಮಾವನಾದ ನಾನು ಹೀಗೆ ಕಾರ್ಕಳದ ಬಸ್ಸಿನಲ್ಲಿ ನಿಂತು ಹೊರಟೆ. ಕೇಕ್ ಇದ್ದ ದಿನ ಬಾಯಮ್ಮ ನಿಧಾನ. ಬೈಲೂರು ದಾಟುವಾಗ ನಮ್ಮ ಬಸ್ಸು ವ್ಯಾನಿನ ಹಿಂದೆ ಸಿಕ್ಕಿಕೊಂಡಿತು. "ಮುಂದೆ ಎಂತ ದಿಬ್ಬಣ ಹೋಗ್ತಾ ಉಂಟಾ?" ಎಂದು ಕಂಡಕ್ಟರ್ ಗೊಣಗುತ್ತಿದ್ದಾಗಲೇ ತೋಟದಿಂದ ಕರುವೊಂದು ರಸ್ತೆಗೆ ನೆಗೆಯಿತು. ವ್ಯಾನಿನ ಕೆಂಪು ದೀಪ ಹೊತ್ತಿತು, ಟಯರು ಕಿರುಚಿತು. ನಮ್ಮ ಬಸ್ಸೂ ಗಕ್ಕನೆ ನಿಂತು, ನಾನು ಎದುರು ಕುಳಿತಿದ್ದ ಕಾಲೇಜು ಹುಡುಗಿಯರ ಬ್ಯಾಗುಗಳ ರಾಶಿಯ ಮೇಲೆ ಬಿದ್ದೆ.

ಇಳಿದು ಓಡಿದೆ. ಒಂದು ಚಪ್ಪಲಿ ಬಸ್ಸಿನಲ್ಲೇ ಉಳಿಯಿತು. ವ್ಯಾನಿನ ಬಾಗಿಲು ಎಳೆದೆ. ಅಮ್ಮನ ಕನ್ನಡಕ ನೆಲದ ಮೇಲಿತ್ತು, ಮಗುವಿನ ಪಾದ ಕೈಯಿಂದ ಜಾರಿತ್ತು. ಬೆಲ್ಟು ಮಾತ್ರ ಇದ್ದಲ್ಲೇ ಇತ್ತು. ಮಗು ಬಾಯಿ ಚಪ್ಪರಿಸಿ, ನಿದ್ದೆ ಮುಂದುವರಿಸಿತು. ಅಮ್ಮ ತಮ್ಮ ಖಾಲಿ ಅಂಗೈಯನ್ನು ಒಮ್ಮೆ ನೋಡಿಕೊಂಡರು. ಬಳಿಕ ಅದೇ ಕೈಯಿಂದ ಮುಂದಿದ್ದ ಬಾಯಮ್ಮನ ಭುಜ ಸವರಿದರು.

ಕೇಕಿನಿಂದ ಒಂದೇ ಒಂದು ಸಕ್ಕರೆಯ ಗುಲಾಬಿ ಉದುರಿತ್ತು. ಬಾಯಮ್ಮ ಅದನ್ನು ನನಗೆ ಕೊಟ್ಟರು. "ತಿನ್ನಿ, ನಿಮ್ಮ ನಡುಕ ನಿಲ್ಲಲಿ. ಕರುವೂ ಇಷ್ಟು ಹೆದರಿಲ್ಲ."

ನನ್ನ ಕಾರಿನ ಹೊದಿಕೆ ತೆಗೆಸಿದವರೂ ಅವರೇ. ನನ್ನಂಥ ಪುಕ್ಕಲನಿಗೆ ಯಾಕೆ ಎಂದು ಕೇಳಿದ್ದಕ್ಕೆ, "ಹೆದರುವವರೇ ಓಡಿಸಬೇಕು. ಆ ಹೆದರಿಕೆಗೆ ಒಂದು ಕೆಲಸ ಕೊಡಿ, ಸುಮ್ಮನೆ ಕೂರಿಸಬೇಡಿ," ಎಂದರು. ಆಮೇಲೆ ತಿಂಗಳುಗಟ್ಟಲೆ ಮಣಿಪಾಲದ ಏರಿನಲ್ಲಿ ಪಕ್ಕದಲ್ಲಿ ಕುಳಿತು ನನ್ನನ್ನು ಸಹಿಸಿಕೊಂಡರು.

ಕಳೆದ ಮಳೆಗಾಲದಲ್ಲಿ ಬಾಯಮ್ಮ ತೀರಿಕೊಂಡರು. ಅಂತ್ಯಕ್ರಿಯೆಗೆಂದು ಅಮ್ಮನನ್ನು, ತಂಗಿಯನ್ನು, ಮಗುವನ್ನು ಇಗರ್ಜಿಗೆ ಕರೆದುಕೊಂಡು ಹೋದವನು ನಾನೇ. ಹೊರಡುವ ಮುಂಚೆ ಎಲ್ಲರ ಕೊಕ್ಕೆಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಬಿಳಿ ಬೊಟ್ಟು ಮಾತ್ರ ಮೂಡಲಿಲ್ಲ.

ಮಗು ಈಗ ಬಾಲವಾಡಿಗೆ ಹೋಗುತ್ತದೆ. ಬೆಲ್ಟು ಹಾಕಿದೊಡನೆ ಒಂದು ಕಾಲನ್ನು ಅಜ್ಜಿಯ ಕಡೆಗೆ ಚಾಚುತ್ತದೆ. ಅಜ್ಜಿಯ ಕೈಯೂ ಬೆಲ್ಟಿನದೇ ಒಂದು ಭಾಗ ಎಂದು ಅದು ತಿಳಿದುಕೊಂಡಿದೆ. ಅಮ್ಮ ಹಿಡಿದುಕೊಳ್ಳುತ್ತಾರೆ. "ಆಯ್ತು ಮಾವ, ಹೋಗುವ," ಎಂದು ಅಪ್ಪಣೆಯಾದ ಮೇಲೆಯೇ ನಾನು ಕೀಲಿ ತಿರುಗಿಸುವುದು.