ಅನುಮಾನದಕ್ಕನ ರೇಡಿಯೇಟರು

ಈಕೆಯ ಅಜ್ಜ ಗಿರಣಿಯಲ್ಲಿ ಬಾಯ್ಲರು ಕಾಯುತ್ತಿದ್ದವನು. ಒಂದು ಬೆಳಿಗ್ಗೆ ಒತ್ತಡದ ಮೀಟರಿನ ಮುಳ್ಳು ಸರಿಯಾದ ಗುರುತಿನಲ್ಲೇ ನಿಂತಿದ್ದರೂ ಅದನ್ನು ನಂಬದೆ ನಲವತ್ತು ಜನರನ್ನು ಹೊರಗಟ್ಟಿದ. ಅವರು ಅಂಗಳ ದಾಟುವಷ್ಟರಲ್ಲಿ ಬಾಯ್ಲರು ಸಿಡಿಯಿತು. ಅಪ್ಪ ಲಾರಿ ರೇಡಿಯೇಟರುಗಳಿಗೆ ಬೆಸುಗೆ ಹಾಕುತ್ತಿದ್ದ. ಅವನು ಮುಟ್ಟಿದ್ದು ಮತ್ತೆ ಸೋರಿದ್ದನ್ನು ಕಂಡವರಿಲ್ಲ. ಅಂಥವರ ಮನೆಯಲ್ಲಿ ಹುಟ್ಟಿದವಳು ತನ್ನ ನೆರಳನ್ನೂ ಎರಡು ಸಲ ತಿರುಗಿ ನೋಡಿದರೆ ಸೋಜಿಗವೇನು? ಕೇರಿಯವರ ಬಾಯಲ್ಲಿ ಅವಳು ಅನುಮಾನದಕ್ಕ.

ಕಟ್ಟಲಿರುವ ಮನೆಗಳ ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿಕೊಡುವುದು ಅವಳ ಕಸುಬು. ಹಳೆಯ ಯಂತ್ರ ಕಾದು ಕಾದು ಕೆಲಸದ ನಡುವೆಯೇ ಆರಿಹೋಗುತ್ತಿತ್ತು. "ಸೋಮವಾರಕ್ಕೆ ಚಿತ್ರ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಮ್ಮ" ಎಂದು ಇಂಜಿನಿಯರು ಕಡ್ಡಿ ಮುರಿದಂತೆ ಹೇಳಿದ್ದ. ಭಾನುವಾರ ಬೆಳಿಗ್ಗೆಯೇ ಕೂತು ಹೊಸದನ್ನು ತಾನೇ ಜೋಡಿಸಿದಳು. ತಣಿಸಲು ನೀರಿನ ಕೂಲರು: ಪ್ರೊಸೆಸರಿನ ನೆತ್ತಿಗೆ ಪುಟ್ಟ ಪಂಪು, ಅದರಿಂದ ಎರಡು ಕೊಳವೆ, ತುದಿಗೆ ಫ್ಯಾನು ಕಟ್ಟಿದ ರೇಡಿಯೇಟರು. ಆ ಸೆಟ್ಟನ್ನು ಮೈದುನ ತನ್ನ ಗೆಳೆಯನ ಅಂಗಡಿಯಿಂದ ತಂದಿದ್ದ.

ರೇಡಿಯೇಟರು ಕೂರಿಸಲು ಕಂಪ್ಯೂಟರಿನ ಪೆಟ್ಟಿಗೆಯ ಮೇಲ್ಭಾಗದಲ್ಲಿ ತೂತುಗಳಿದ್ದವು. ಅವಳು ಒಪ್ಪಲಿಲ್ಲ. ಸೋರಿದರೆ ನೀರು ನೇರ ಪ್ರೊಸೆಸರು ಕೂತ ಬೋರ್ಡಿನ ಮೇಲೆ ಬೀಳುತ್ತದೆ. ತಲೆಯ ಮೇಲೆ ಕೊಡ ಕಟ್ಟಿಕೊಂಡು ಮಲಗುವವರುಂಟೇ? ತಳಕ್ಕೇ ಬಿಗಿದಳು.

ಗುಂಡಿ ಒತ್ತಿದ್ದೇ ತಡ, ಪಂಪು ಗೊಳಗೊಳ ಎಂದಿತು. ಬಿಸಿ ಏರುತ್ತಲೇ ಹೋಯಿತು. ಮೈದುನನನ್ನು ಕೂಗಿದಳು.

"ಹಳೇ ಪಂಪನ್ನ ಒರೆಸಿ ತಂದಿದ್ದೀಯ, ಅಲ್ವಾ?"

"ಅತ್ತಿಗೆ, ನಿಮ್ಮೆದುರಿಗೇ ತಾನೆ ಸೀಲು ಒಡೆದಿದ್ದು!"

"ಸೀಲು ಅಂಟಿಸೋಕೆ ಊರಲ್ಲಿ ಗೋಂದಿಗೆ ಬರವಾ?"

"ಮದುವೆಗೆ ಮುಂಚೆ ನಮ್ಮಣ್ಣನ ಹಲ್ಲೂ ಅಲ್ಲಾಡಿಸಿ ನೋಡಿದ್ರಂತೆ ನೀವು."

"ನೋಡಿದ್ದಕ್ಕೇ ಒಂದು ಸಡಿಲ ಇರೋದು ಗೊತ್ತಾಗಿದ್ದು."

ಅವನು ನಕ್ಕು ಆಚೆ ಹೋದ. ಅಂಗಡಿಯವನ ಮುಖಕ್ಕೆ ಹಿಡಿಯಲು ಆ ಸದ್ದನ್ನು ಫೋನಿನಲ್ಲಿ ತುಂಬಿಕೊಳ್ಳೋಣವೆಂದು ಅವಳು ಪೆಟ್ಟಿಗೆಯನ್ನು ಮಂಚಕ್ಕೆ ಒರಗಿಸಿ, ಫೋನು ಪಂಪಿನ ಬಳಿಗೆ ಹೋಗಲೆಂದು ತಳ ಮೇಲಾಗುವಂತೆ ಎತ್ತಿದಳು. ಸದ್ದು ನಿಂತಿತು. ಇಳಿಸಿದಳು, ಗೊಳಗೊಳ. ಮತ್ತೆ ಎತ್ತಿದಳು, ಚಕಾರವಿಲ್ಲ.

ನೀರಿನ ಜೊತೆ ಒಳಗೆ ಒಂದಿಷ್ಟು ಗಾಳಿ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿ ಕೂರುತ್ತದೆ. ರೇಡಿಯೇಟರನ್ನು ತಳಕ್ಕೆ ಬಿಗಿದು ಆ ಎತ್ತರವನ್ನು ಅವಳೇ ಪಂಪಿಗೆ ಕೊಟ್ಟಿದ್ದಳು; ಗಾಳಿ ಹೊಕ್ಕ ಪಂಪು ನೀರು ತಳ್ಳುವುದೆಲ್ಲಿಂದ? ನೀರಿನ ಮೇಲೆ ಅಷ್ಟೊಂದು ಗುಮಾನಿಪಟ್ಟವಳು ಗಾಳಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದಳು.

ಮೈದುನ ಮತ್ತೆ ಇಣುಕುವ ಹೊತ್ತಿಗೆ ರೇಡಿಯೇಟರನ್ನು ತಳದಿಂದ ಬಿಚ್ಚಿಯಾಗಿತ್ತು, ಹನಿ ಬಿದ್ದರೆ ಕಾಣಲೆಂದು ಬೋರ್ಡಿನ ಮೇಲೆ ಒಣ ಕಾಗದ ಹಾಸಿಯಾಗಿತ್ತು.

"ಪಂಪು ವಾಪಸಾ, ಅತ್ತಿಗೆ?"

"ಪಂಪು ಸರಿಯಾಗೇ ಇದೆ."

ಅವನು ಒಳಗೆ ಬಂದು ರೇಡಿಯೇಟರಿಗೆ ಕೈ ಚಾಚಿದ. "ಕೊಡಿ, ನಾನು ಮೇಲೆ ಹಿಡ್ಕೋತೀನಿ, ನೀವು ತಿರುಪು ಹಾಕಿ. ಒಬ್ಬರ ಕೈಲಿ ಆಗೋದಲ್ಲ."

"ಬೇಡ ಕಣಯ್ಯ. ನೀನು ಕೈ ಹಾಕಿದ್ರೆ, ನಾಳೆ ಒಂದು ಹನಿ ಬಿದ್ರೂ ನಿನ್ನ ಮೇಲೇ ಅನುಮಾನಪಡ್ತೀನಿ. ಇವತ್ತು ಪಟ್ಟಿದ್ದೇ ಸಾಕು. ನೀನು ಆಚೆ ಹೋಗು, ನಾನೇ ಹಾಕ್ಕೋತೀನಿ."