ಒಂದು ಸೌಟು ಕಾಚಂಪುಳಿ

ಕಾಚಂಪುಳಿಯ ಬಾಟಲಿಯ ಬಿರಡೆ ತೆಗೆದರೆ ಮೊದಲು ಒಂದಿಷ್ಟು ಹೊಗೆಯ ವಾಸನೆ, ಅದರ ಬೆನ್ನಿಗೇ ಮೂಗಿನ ತುದಿ ಚುರುಗುಟ್ಟಿಸುವ ಹುಳಿ. ಕಾಡಿನ ಹುಳಿಹಣ್ಣನ್ನು ಬುಟ್ಟಿಯಲ್ಲಿ ಕಳಿಯಲು ಬಿಟ್ಟು, ಕೆಳಗೆ ತೊಟ್ಟಿಕ್ಕಿದ ರಸವನ್ನು ಕಪ್ಪಗೆ ಮಂದವಾಗುವವರೆಗೆ ಕಾಯಿಸಿ ಇಳಿಸುತ್ತಾರೆ. ಕೊಡಗಿನಲ್ಲಿ ಹಂದಿ ಸಾರಿಗೂ ಮೀನಿಗೂ ಇದು ಬೇಕೇ ಬೇಕು. ಇದರ ವಾಸನೆ ಬಂದರೆ ಇಲ್ಲಿಯವರ ಬಾಯಲ್ಲಿ ಮಾಂಸದೂಟ ನೆನೆದು ನೀರೂರುತ್ತದೆ. ನನಗೆ ಮಾತ್ರ ಪಾಯಸ ನೆನಪಾಗುತ್ತದೆ. ಮೊನ್ನೆ ಭಾನುವಾರ ಮನೆಗೆ ಊಟಕ್ಕೆ ಸ್ನೇಹಿತರು ಬರುವವರಿದ್ದರು. ಬೆಳಿಗ್ಗೆ ಹೊಸ ಬಾಟಲಿ ತೆರೆದವಳು ಒಲೆಯ ಮೇಲೆ ಬೇಳೆ ಕುದಿಯುತ್ತಿದೆ ಎನ್ನುವುದನ್ನೂ ಮರೆತು ನಿಂತುಬಿಟ್ಟೆ. ಕುಶಾಲನಗರದ ಆ ಸಾಲುಮನೆ, ಮಸಿ ಹಿಡಿದ ಅಡುಗೆಮನೆ, ಮೂಗು ಕೆಂಪಗೆ ಮಾಡಿಕೊಂಡು ಕೂತ ಅವ್ವ, ಎಲ್ಲ ಆ ಬಾಟಲಿಯಿಂದಲೇ ಎದ್ದು ಬಂದಂತೆ ಬಂದವು.

ಅಪ್ಪನಿಗೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಫಿಟ್ಟರ್ ಕೆಲಸ ಸಿಕ್ಕಿ ನಾವು ಹಾಸನದ ಕಡೆಯಿಂದ ಕುಶಾಲನಗರಕ್ಕೆ ಬಂದಾಗ ನಾನಿನ್ನೂ ಮಗ್ಗಿ ಬಾಯಿಪಾಠ ಮಾಡುವ ವಯಸ್ಸಿನವಳು. ಒಂದೇ ಹೆಂಚಿನ ಮಾಡಿನ ಕೆಳಗೆ ಸಾಲಾಗಿ ಮೂರು ಮನೆ, ಹಿಂದೆ ಮೂರಕ್ಕೂ ಸೇರಿದ ಒಂದೇ ಹಿತ್ತಿಲು. ಬಾವಿ ಒಂದೇ, ಒರಳು ಒಂದೇ. ಈ ಕಡೆಯ ಮನೆಯಲ್ಲಿ ಕೊಡವರ ಕಾವೇರಮ್ಮ, ಆ ಕಡೆಯ ಮನೆಯಲ್ಲಿ ಮಲಯಾಳಿ ಖದೀಜಾತ್ತ, ನಡುವೆ ನಾವು. ಬಂದು ತಿಂಗಳುಗಳೇ ಕಳೆದರೂ ಅವ್ವ ನಿಜವಾಗಿ ಬಂದಿರಲಿಲ್ಲ. ತವರಿನಿಂದ ತಂದಿದ್ದ ಹಿತ್ತಾಳೆಯ ಕೊಳಗ, ಹರಿವಾಣ, ದೊಡ್ಡ ಸೌಟು ಎಲ್ಲವೂ ಮಂಚದ ಕೆಳಗಿನ ಟ್ರಂಕಿನಲ್ಲೇ ಇದ್ದವು. ಎರಡು ಅಲ್ಯುಮಿನಿಯಂ ಪಾತ್ರೆಯಲ್ಲಿ ಸಂಸಾರ ನಡೆಯುತ್ತಿತ್ತು. ಅಪ್ಪ ಕೇಳಿದರೆ, "ಬಿಚ್ಚಿ ಏನ್ ಮಾಡಾನ? ವಾಪಸ್ ಕಟ್ಟೋ ಕೆಲ್ಸ ಯಾರು ಮಾಡ್ತಾರೆ?" ಎನ್ನುತ್ತಿದ್ದಳು. ಭಾಷೆ ಹಿಡಿಸಲಿಲ್ಲ, ಚಳಿ ಹಿಡಿಸಲಿಲ್ಲ, ಸುತ್ತಲಿನವರ ಊಟವಂತೂ ಅವಳಿಗೆ ಅರ್ಥವೇ ಆಗಲಿಲ್ಲ. ಬೇಸಿಗೆ ರಜೆಯವರೆಗೆ ನೋಡೋಣ, ಆಮೇಲೂ ಒಗ್ಗದಿದ್ದರೆ ನೀನೂ ಮಗುವೂ ಊರಿಗೆ ಹೋಗಿ ಇರಿ ಎಂದು ಅಪ್ಪ ಸೋತ ದನಿಯಲ್ಲಿ ಒಪ್ಪಿದ್ದನ್ನು ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದೆ. ಅಪ್ಪನನ್ನು ಬಿಟ್ಟು ಹೋಗುವುದು ನನಗೆ ಬೇಡವಾಗಿತ್ತು. ಆದರೆ ಮಕ್ಕಳ ಬೇಡಗಳನ್ನು ಯಾರು ಕೇಳುತ್ತಾರೆ!

ಆ ಸಾಲಿನಲ್ಲಿ ಒಂದು ರೂಢಿ ಇತ್ತು. ಭಾನುವಾರ ಮಧ್ಯಾಹ್ನ ಯಾರದಾದರೂ ಒಬ್ಬರ ಮನೆಯಲ್ಲಿ ಎಲ್ಲರ ಊಟ. ಸರದಿಯ ಮನೆಯವರು ಅನ್ನ ಮತ್ತು ಸಿಹಿ ಮಾಡಬೇಕು, ಉಳಿದವರು ತಮಗೆ ತೋಚಿದ್ದನ್ನು ಪಾತ್ರೆಯೊಂದಿಗೇ ಹೊತ್ತು ತರಬೇಕು. ಯಾರೂ ಯಾರನ್ನೂ ಕರೆಯುತ್ತಿರಲಿಲ್ಲ, ಉಪಚಾರವೂ ಇರಲಿಲ್ಲ. ಹಿತ್ತಿಲ ಜಗಲಿಯಲ್ಲಿ ಚಾಪೆ ಹಾಸಿದರೆ ಅದೇ ಕರೆಯೋಲೆ. ಖದೀಜಾತ್ತ ಬಂದು ಕೂರುವ ಆ ದಿನ ಕಾವೇರಮ್ಮನ ಮನೆಯಲ್ಲಿ ಹಂದಿ ಬೇಯುತ್ತಿರಲಿಲ್ಲ. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನಮ್ಮ ಸರದಿ ಬಂದಾಗಲೆಲ್ಲ ಅವ್ವ ನೆಗಡಿ, ನೆಂಟರು, ಒಪ್ಪತ್ತು ಎಂದು ಏನಾದರೊಂದು ನೆಪ ಹೂಡಿ ಮುಂದಕ್ಕೆ ತಳ್ಳುತ್ತಿದ್ದಳು. ನೆಪಗಳೆಲ್ಲ ಮುಗಿದ ಮೇಲೆ ಒಂದು ಭಾನುವಾರ ಒಪ್ಪಲೇಬೇಕಾಯಿತು. "ಇವತ್ತೊಂದಿನ ಮರ್ವಾದೆಯಾಗಿ ಮುಗುದ್ರೆ ಸಾಕು" ಎಂದು ಬೆಳಗ್ಗೆಯೇ ದೇವರಿಗೆ ಕೈ ಮುಗಿದು, ಮೊದಲ ಸಲ ಟ್ರಂಕು ತೆರೆದು ಕೊಳಗ ಹೊರಗೆ ತೆಗೆದಳು. ಕಡಲೆಬೇಳೆ ಪಾಯಸ ಮಾಡುವುದೆಂದು ನಿಶ್ಚಯವಾಗಿತ್ತು. ತವರಿನಲ್ಲಿ ಅವಳ ಕೈಯ ಪಾಯಸಕ್ಕೆ ದೊಡ್ಡ ಹೆಸರು.

ಇಲ್ಲಿ ಬಾಟಲಿಯ ವಿಷಯ ಹೇಳಬೇಕು. ನಾವು ಬಂದ ಹೊಸತರಲ್ಲಿ ಕಾವೇರಮ್ಮ ಒಂದು ಬಾಟಲಿ ಕೊಟ್ಟು, "ನಮ್ಮ ಮನೇದು, ಸ್ವಲ್ಪ ಹಾಕಿದರೆ ಸಾಕು" ಎಂದು ಹೇಳಿ ಹೋಗಿದ್ದರು. ಅವ್ವನ ತವರಿನಲ್ಲಿ ಆಲೆಮನೆ ಇತ್ತು. ಕಬ್ಬಿನ ಹಾಲು ಕಾಯಿಸಿ, ಬೆಲ್ಲ ಗಟ್ಟಿಯಾಗುವ ಮೊದಲೇ ತೆಗೆದಿಟ್ಟ ಜೋನಿಬೆಲ್ಲವನ್ನು ತಾತ ಇಂಥದೇ ಬಾಟಲಿಗಳಲ್ಲಿ ತುಂಬಿ ಕಳಿಸುತ್ತಿದ್ದರು. ಅದೇ ಕಪ್ಪು ಬಣ್ಣ, ಓರೆ ಮಾಡಿದರೆ ಗಾಜಿಗೆ ಅಂಟಿಕೊಂಡು ಇಳಿಯುವ ಅದೇ ಮಂದ. ಈ ಊರಲ್ಲೂ ಜೋನಿಬೆಲ್ಲ ಇದೆಯಲ್ಲ ಎಂದು ಅವ್ವನ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. ಬಿರಡೆ ಕೂಡ ತೆಗೆಯದೆ ಅದನ್ನು ಟ್ರಂಕಿನಲ್ಲಿ, ತವರಿನ ಪಾತ್ರೆಗಳ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಪಾಯಸದ ದಿನ ಅದೂ ಹೊರಗೆ ಬಂತು.

ಅಂದು ಅವಳ ಮೂಗು ಪೂರ್ತಿ ಕಟ್ಟಿತ್ತು. ಈ ಸಲದ ನೆಗಡಿ ನೆಪವಲ್ಲ, ನಿಜ. ಜೊತೆಗೆ ನಮ್ಮ ಮನೆಯ ಕಟ್ಟಳೆಯೊಂದಿತ್ತು: ದೇವರಿಗೆ ಎಡೆ ಇಡುವ ಮೊದಲು ಅಡುಗೆಯ ರುಚಿ ನೋಡುವಂತಿಲ್ಲ. ಉಪ್ಪಿರಲಿ, ಸಿಹಿಯಿರಲಿ, ಕೈಯ ಅಂದಾಜೇ ಗತಿ. ಬೇಳೆ ಬೆಂದು, ಒಂದಿಷ್ಟು ಅಚ್ಚುಬೆಲ್ಲ ಕರಗಿ, ತೆಂಗಿನ ಹಾಲು ಬಿದ್ದು, ಏಲಕ್ಕಿಯ ಪುಡಿಯೂ ಸೇರಿದ ಮೇಲೆ ಬಾಟಲಿಯಿಂದ ಒಂದು ಸೌಟು ಸುರಿದಳು. ಕೆನೆಬಣ್ಣದ ಪಾಯಸದಲ್ಲಿ ಕಪ್ಪು ಎಳೆ ಸುತ್ತಿ ಸುತ್ತಿ ಮಾಯವಾಯಿತು. ಇನ್ನೂ ಹಾಕುವ ಆಸೆಯಿತ್ತೇನೋ, ಆದರೆ ಅವಳದು ಉಳಿತಾಯದ ಕೈ. ಬಿರಡೆ ಮುಚ್ಚಿದಳು. ಬಟ್ಟಲಲ್ಲಿ ಎಡೆ ಇಟ್ಟು, ಗಂಟೆ ಬಾರಿಸಿ, ಪ್ರಸಾದವೆಂದು ನನ್ನ ಅಂಗೈಗೆ ಒಂದು ಚಮಚ ಹಾಕಿದಳು.

ನನ್ನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. "ಅವ್ವಾ, ಹುಳಿ!" ಎಂದೆ. ಗದರಿಸಲು ಹೊರಟವಳು ತಾನೂ ನೆಕ್ಕಿ ನೋಡಿದಳು. ತೆಂಗಿನ ಹಾಲು ಕೆಟ್ಟಿತ್ತೋ, ಪಾತ್ರೆಯ ಕಲಾಯಿ ಹೋಗಿತ್ತೋ, ಏನೂ ತಿಳಿಯದು. ಹಿತ್ತಿಲಲ್ಲಿ ಆಗಲೇ ಚಾಪೆ ಹಾಸಿತ್ತು, ಖದೀಜಾತ್ತನ ತುಪ್ಪದನ್ನದ ಘಮ ಗೋಡೆ ದಾಟಿ ಬರುತ್ತಿತ್ತು. ಅವ್ವ ಹಿಂಬಾಗಿಲ ಅಗುಳಿ ಹಾಕಿ ಒಲೆಯ ಮುಂದೆ ಕುಸಿದು ಕೂತಳು. "ಸಾಕು ಕಣವ್ವ. ನಾಳಿಕ್ ಬಸ್ ಹತ್ತಾನ. ರಜಗಂಟ ಯಾಕ್ ಕಾಯ್ಬೇಕು?" ಎಂದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಅಳದೆ ಹೇಳಿದ್ದಳು. ನಾನೇ ಅಳತೊಡಗಿದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. "ಜಯಾ, ಕಡಂಬುಟ್ಟು ತಂದಿದ್ದೇನೆ, ಬಾಗಿಲು ತೆಗಿ" ಎಂದರು ಕಾವೇರಮ್ಮ. ಅವ್ವ ಕೂತಲ್ಲಿಂದಲೇ, "ಇವತ್ತಾಗಕಿಲ್ಲ ಕಣಕ್ಕ, ಮಗೀಗೆ ಹುಷಾರಿಲ್ಲ" ಎಂದಳು. ಹುಷಾರಿಲ್ಲದ ಮಗು ನಾನು ಬಾಗಿಲ ಸಂದಿಗೆ ಕಣ್ಣಿಟ್ಟು ನಿಂತಿದ್ದೆ. ಹೊರಗೆ ಮೂಗೆಳೆದು ವಾಸನೆ ನೋಡಿದ ಸದ್ದು.

"ಪಾಯಸ ಅಂತ ಹೇಳಿದ್ದಲ್ಲ ನೀನು? ಕಾಚಂಪುಳಿ ಎಂತಕ್ಕೆ ಕಾಯಿಸ್ತಾ ಇದ್ದೀಯ?"

"ಕಾಚಂ... ಏನದು?"

"ನಾನು ಕೊಟ್ಟದ್ದು ಮಾರಾಯ್ತಿ, ಬಾಟ್ಲಿಯಲ್ಲಿ!"

"ಅದು ಜೋನಿಬೆಲ್ಲ ಅಲ್ವಾ ಅಕ್ಕ?"

ಬಾಗಿಲ ಆಚೆ ಏನೋ ಧೊಪ್ಪೆಂದಿತು. ಕಾವೇರಮ್ಮ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ನಗುವಿನ ಸದ್ದಿಗೆ ಖದೀಜಾತ್ತ ಓಡಿ ಬಂದರು, ವಿಷಯ ಕೇಳಿ "ಅಯ್ಯೋ ಪಡಚ್ಚೋನೇ!" ಎಂದು ದೇವರನ್ನು ಕರೆಯುತ್ತ ಅವರೂ ಗೋಡೆ ಹಿಡಿದುಕೊಂಡರು. ಅದು ಗೇಲಿಯ ನಗು ಆಗಿರಲಿಲ್ಲ. ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ನಾನೇ ತುದಿಗಾಲಲ್ಲಿ ನಿಂತು ಅಗುಳಿ ತೆಗೆದೆ. ಕಾವೇರಮ್ಮ ಒಳಗೆ ಬಂದವರೇ ಕೊಳಗಕ್ಕೆ ಬಗ್ಗಿ, ಒಂದು ಹನಿ ಅಂಗೈಗೆ ಹಾಕಿ ಚಪ್ಪರಿಸಿ, "ಒಂದೇ ಸೌಟು ಅಲ್ವಾ? ಬಾಟ್ಲಿ ಪೂರ್ತಿ ಸುರಿದಿದ್ದರೆ ಇಗ್ಗುತ್ತಪ್ಪನೂ ಕಾಪಾಡ್ತಾ ಇರಲಿಲ್ಲ. ಇದು ಪಾಯಸ ಅಲ್ಲ ಜಯಾ, ಒಗ್ಗರಣೆ ಕಾಣದ ಸಾರು. ಬೆಳ್ಳುಳ್ಳಿ ಎಲ್ಲಿಟ್ಟಿದ್ದೀಯ?" ಎಂದರು. ಅವ್ವ ದೇವರ ಗೂಡಿನ ಕಡೆ ನೋಡಿ ಅಳುದನಿಯಲ್ಲಿ, "ದೇವ್ರಿಗೆ ಎಡೆ ಬೇರೆ ಇಟ್ಬುಟ್ಟೆ ಅಕ್ಕ" ಎಂದಳು. "ಪಾಪ, ತಿಂದೂ ಸುಮ್ಮನಿದ್ದಾನಲ್ಲ, ಒಳ್ಳೆಯವನು" ಎಂದರು ಕಾವೇರಮ್ಮ. ಅವ್ವನಿಗೆ ನಗು ಬಂತು. ನಕ್ಕಳು, ನಗುತ್ತಲೇ ಅತ್ತಳು, ಸೆರಗಿನಲ್ಲಿ ಮೂಗೊರೆಸಿಕೊಂಡು ಬೆಳ್ಳುಳ್ಳಿ ಸುಲಿಯಲು ಕೂತಳು.

ಆಮೇಲೆ ನಡೆದದ್ದು ಹಬ್ಬ. ಸೂಜಿಮೆಣಸು ಜಜ್ಜಿ ಬಿತ್ತು, ಕಾಳುಮೆಣಸು ಬಿತ್ತು, ಉಪ್ಪು ಬಿತ್ತು. ಸಾಸಿವೆ, ಕರಿಬೇವು, ಬೆಳ್ಳುಳ್ಳಿಯ ಒಗ್ಗರಣೆ ಚುಂಯ್ ಎಂದಾಗ ಅವ್ವನ ಕಟ್ಟಿದ ಮೂಗೂ ತೆರೆಯಿತು. ಸಿಹಿಯಿಲ್ಲದೆ ಊಟ ಹೇಗೆ ಎಂದು ಅವಳು ಮತ್ತೆ ಪೇಚಾಡಿಕೊಂಡಾಗ ಕಾವೇರಮ್ಮ ಮನೆಗೆ ಹೋಗಿ, ಕುಸುಬಲಕ್ಕಿ ಹುರಿದು ಮಾಡಿದ ತಂಬಿಟ್ಟಿನ ಪುಡಿ ತಂದರು. ಖದೀಜಾತ್ತ ತಮ್ಮ ಮನೆಯ ಗೊನೆಯಿಂದ ಕಳಿತ ಬಾಳೆಹಣ್ಣು ಕಿತ್ತು ತಂದು, "ಕೈ ತೊಳ್ಕೊಂಡು ಬಾ ಮೋಳೇ" ಎಂದು ನನ್ನನ್ನೂ ಕೂರಿಸಿಕೊಂಡರು. ಒಲೆಯಿಲ್ಲ, ಪಾಕವಿಲ್ಲ. ಹರಿವಾಣದಲ್ಲಿ ಹಣ್ಣು ಕಿವುಚಿ, ಪುಡಿ ಕಲಸಿ, ತೆಂಗಿನ ತುರಿ, ಹುರಿದ ಎಳ್ಳು, ಮೇಲೊಂದಿಷ್ಟು ತುಪ್ಪ. ಹುಳಿ, ಖಾರ, ಬೆಲ್ಲ, ಎಲ್ಲೋ ಹಿಂದೆ ಏಲಕ್ಕಿ ಇರುವ ಆ ಸಾರನ್ನು ಖದೀಜಾತ್ತ ತುಪ್ಪದನ್ನಕ್ಕೆ ಸುರಿದುಕೊಂಡರು, ಕಾವೇರಮ್ಮ ಅಕ್ಕಿತರಿಯ ಉಂಡೆಯಾದ ಕಡಂಬುಟ್ಟನ್ನು ಮುರಿದು ಅದರಲ್ಲಿ ಅದ್ದಿದರು. ಅಪ್ಪ ಮೂರನೆಯ ಸಲ ಬಡಿಸಿಕೊಂಡು, "ಇದ್ಯಾವ ಸಾರು?" ಎಂದು ಕೇಳಿದ್ದಕ್ಕೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಆ ಸಾರು ಆಮೇಲೆ ಸಾಲಿನಲ್ಲಿ ಅವ್ವನ ಹೆಸರಿಗೇ ನಿಂತಿತು. ಯಾರ ಸರದಿಯಿರಲಿ, "ಜಯನ ಪಾಯಸದ ಸಾರು ಬರಲಿ" ಎನ್ನುತ್ತಿದ್ದರು.

ಸಂಜೆ ಬಾವಿಕಟ್ಟೆಯಲ್ಲಿ ಮೂರೂ ಮನೆಯ ಪಾತ್ರೆಗಳನ್ನು ಒಟ್ಟಿಗೆ ಬೆಳಗಿ, ಜಗಲಿಯ ಮೇಲೆ ಬೋರಲು ಹಾಕಿದ್ದರು. ಅಪ್ಪ ಒಳಗೆ ಮಂಚದ ಕೆಳಗಿಂದ ಟ್ರಂಕು ಎಳೆದು, "ಕೊಳಗ ಒಣಗ್ತಲ್ಲ, ತತ್ತ, ಇಟ್ಬುಡಾನ" ಎಂದರು. ನಾನು ಉಸಿರು ಹಿಡಿದು ಅವ್ವನ ಮುಖ ನೋಡುತ್ತಿದ್ದೆ. ಅವಳು ಕೊಳಗ ತಂದು ಅಡುಗೆಮನೆಯ ಮೂಲೆಯ ಕಟ್ಟೆಯ ಮೇಲೆ ಇಟ್ಟಳು. "ಇರ್ಲಿ ಬುಡಿ. ಮುಂದಿನ್ ವಾರ ಬೇಕಾಯ್ತದೆ" ಎಂದಳು. ನಾನು ಹಿತ್ತಿಲಿಗೆ ಓಡಿಹೋಗಿ ಕಾರಣವಿಲ್ಲದೆ ಬಾವಿಯ ಸುತ್ತ ಸುತ್ತತೊಡಗಿದೆ. ಅಷ್ಟು ಹಗುರವಾದ ಸಂಜೆ ನನ್ನ ಪಾಲಿಗೆ ಮತ್ತೆ ಬಂದದ್ದು ಕಡಿಮೆ.

ಆ ಸಾಲುಮನೆ ಈಗಿಲ್ಲ. ದುಬಾರೆಗೆ ಆನೆ ನೋಡಲು ಬರುವವರಿಗಾಗಿ ಅಲ್ಲೊಂದು ಲಾಡ್ಜ್ ಎದ್ದಿದೆ, ಬಾವಿಯಿದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಕಾವೇರಮ್ಮ ಹೋದರು, ಖದೀಜಾತ್ತ ಹೋದರು, ಅಪ್ಪ ಹೋದರು. ಎಲ್ಲರ ಕೊನೆಗೆ, ಹೋದ ವರ್ಷ, ಅವ್ವನೂ. ಈ ಊರಿನಲ್ಲೇ, ತನಗೆ ಬೇಕಾದವರು ಮಲಗಿದ ಮಣ್ಣಿನಲ್ಲೇ ಹೋದಳು ಎನ್ನುವುದೊಂದು ಸಮಾಧಾನ. ಮೊನ್ನೆ ನಮ್ಮ ಮನೆಗೆ ಬಂದವರೂ ಒಬ್ಬೊಬ್ಬರು ಒಂದೊಂದು ಡಬ್ಬಿ ಹಿಡಿದು ಬಂದರು. ಅವ್ವನ ಆ ಸಾರು ಮುಗಿಯಿತು, ತಂಬಿಟ್ಟು ಮುಗಿಯಿತು. ಅವರೆಲ್ಲ ಹೋದ ಮೇಲೆ ನನ್ನ ಗಂಡ ಅವ್ವನ ಹಿತ್ತಾಳೆಯ ಕೊಳಗವನ್ನು ತೊಳೆದು ಒರೆಸಿ ಕೈಯಲ್ಲಿ ಹಿಡಿದು, "ಇಷ್ಟು ದೊಡ್ಡದು ದಿನಾ ಎಲ್ಲಿ ಬೇಕಾಗುತ್ತೆ? ಅಟ್ಟದ ಮೇಲೆ ಇಟ್ಟುಬಿಡ್ಲಾ?" ಎಂದರು. ಒಲೆ ಒರೆಸುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ.

"ಇರ್ಲಿ ಬುಡಿ. ಮುಂದಿನ್ ವಾರ ಬೇಕಾಯ್ತದೆ" ಎಂದೆ. ಹೇಳಿದ ಮೇಲೆ, ಆ ದನಿ ಇನ್ನೂ ಒಂದು ಗಳಿಗೆ ಅಡುಗೆಮನೆಯಲ್ಲಿ ಇರಲಿ ಎಂದು ಸುಮ್ಮನೆ ನಿಂತೆ.